ಪಕ್ಕದ ಮನೆಯವಳ ಕೈಯಿಂದಲೇ ವಸೂಲಿ: ನಮ್ಮ ಕಡೆಯ ಸಂಘದ ಸಾಲ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಯಾವ ಹಳ್ಳಿಗೆ ಬೇಕಾದರೂ ಹೋಗಿ. ವಾರಕ್ಕೋ ಹದಿನೈದು ದಿನಕ್ಕೋ ಒಂದು ಬೆಳಿಗ್ಗೆ ಯಾರದೋ ಮನೆಯ ಪಡಸಾಲೆಯಲ್ಲಿ, ಇಲ್ಲವೇ ಗುಡಿ ಕಟ್ಟೆಯ ಮೇಲೆ ಹೆಂಗಸರು ಸಾಲಾಗಿ ಕೂತಿರುತ್ತಾರೆ. ಎದುರಿಗೆ ಹೆಗಲಿಗೆ ಬ್ಯಾಗು ಹಾಕಿಕೊಂಡ ಹುಡುಗ, ಗುಂಪಿಗೆ ಸಣ್ಣ ಸಾಲ ಕೊಡುವ ಮೈಕ್ರೋಫೈನಾನ್ಸ್ ಕಂಪನಿಯವನು, ಕೈಯಲ್ಲಿ ಮೊಬೈಲು. ಗುಂಪಿನ ಲೀಡರ್ ನೋಟು ಎಣಿಸುತ್ತಾಳೆ. ಹತ್ತು ಕಂತು ಬರಬೇಕು, ಒಂಬತ್ತೇ ಬಂದಿದೆ. ಹುಡುಗ ಕೂಗಾಡುವುದಿಲ್ಲ, ಯಾರನ್ನೂ ಬೈಯುವುದೂ ಇಲ್ಲ. "ಪೂರ್ತಿ ಆಗೋ ತನಕ ಮೀಟಿಂಗ್ ಮುಗಿಯಂಗಿಲ್ರಿ" ಎಂದು ಮೊಬೈಲು ನೋಡುತ್ತಾ ಕೂರುತ್ತಾನೆ.

ಕೂಲಿಗೆ ಕರೆದೊಯ್ಯುವ ಟಂಟಂ ಹೊರಡುವ ಹೊತ್ತು ಅದು. ತಪ್ಪಿಸಿಕೊಂಡರೆ ಆ ದಿನದ ಕೂಲಿ ಹೋಯಿತು. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿರುತ್ತಾರೆ. ಆಮೇಲೆ ಇಬ್ಬರು ಎದ್ದು ಕಂತು ತರದವಳ ಮನೆಗೆ ಹೋಗುತ್ತಾರೆ. ಬಾಗಿಲಲ್ಲಿ ಶುರುವಾದ ಮಾತು ಕಂತಿನಿಂದ ಗಂಡನ ಕುಡಿತಕ್ಕೆ ಹೋಗುತ್ತದೆ, ಅಲ್ಲಿಂದ ಮಗಳ ಮದುವೆಗೆ, ಕೊನೆಗೆ ಕೊರಳಲ್ಲಿರುವ ತಾಳಿಗೆ. ಓಣಿಗೆಲ್ಲ ಕೇಳಿಸುತ್ತದೆ. ಅರ್ಧ ಗಂಟೆಯಲ್ಲಿ ಎಲ್ಲಿಂದಲೋ ದುಡ್ಡು ಹುಟ್ಟುತ್ತದೆ. ಹುಡುಗ ರಸೀದಿ ಹಾಕಿ ಬೈಕು ಹತ್ತುತ್ತಾನೆ.

ಸಾಲ ವಸೂಲಿಯ ಕಿರುಕುಳ ಎಂದರೆ ನಮಗೆ ತಟ್ಟನೆ ನೆನಪಾಗುವುದು ಮನೆಗೆ ನುಗ್ಗುವ ರೌಡಿ, ಬಾಗಿಲಿಗೆ ಬೀಗ, ಗೋಡೆಯ ಮೇಲೆ ಬರೆದ ಹೆಸರು. ಅದೂ ನಡೆಯುತ್ತದೆ. ಆದರೆ ದಿನನಿತ್ಯದ ಒತ್ತಡ ಇರುವುದು ಮೇಲೆ ಹೇಳಿದ ಪಡಸಾಲೆಯಲ್ಲಿ. ಅಲ್ಲಿ ಕಂಪನಿಯ ಹುಡುಗ ಕಾನೂನು ಮುರಿದ ಎಂದು ತೋರಿಸುವುದು ಕಷ್ಟ. ಬೈದವಳು ಪಕ್ಕದ ಮನೆಯವಳು, ಅವಳೂ ಸಾಲಗಾರ್ತಿಯೇ. ನಮ್ಮ ಕಾನೂನು, ನಿಯಮ, ಹೆಲ್ಪ್‌ಲೈನ್ ಎಲ್ಲವೂ ಬಾಗಿಲಿಗೆ ಬರುವ ಗಂಡಸನ್ನು ನೋಡುತ್ತಿವೆ. ಪಡಸಾಲೆಯ ಒಳಗೆ ಯಾವುದೂ ಇಣುಕಿಲ್ಲ. ನನ್ನ ಮುಖ್ಯ ತಕರಾರು ಇದೇ.

ಗುಂಪಿನ ಏರ್ಪಾಡು ಹುಟ್ಟಿದ್ದು ಒಳ್ಳೆಯ ಉದ್ದೇಶಕ್ಕೆ. ಬಡವರ ಹತ್ತಿರ ಅಡ ಇಡಲು ಏನೂ ಇರುವುದಿಲ್ಲ. ಹಾಗಾಗಿ ಒಬ್ಬರಿಗೊಬ್ಬರು ಜಾಮೀನು. ಬಾಂಗ್ಲಾದೇಶದಲ್ಲಿ ಮೊಹಮ್ಮದ್ ಯೂನುಸ್ ಅವರ ಗ್ರಾಮೀಣ ಬ್ಯಾಂಕ್ ಇದೇ ದಾರಿಯಲ್ಲಿ ಬೆಳೆಯಿತು. ನಮ್ಮಲ್ಲಿ 1980ರ ದಶಕದಲ್ಲಿ ಮೈರಾಡಾ ಸಂಸ್ಥೆ ಸ್ವಸಹಾಯ ಗುಂಪುಗಳನ್ನು ಕಟ್ಟಿತು. 1992ರಲ್ಲಿ ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು. ಸ್ತ್ರೀಶಕ್ತಿ ಗುಂಪು ಬಂದಿದ್ದೂ ಅದೇ ಜಾಡಿನಲ್ಲಿ. ಅಲ್ಲಿ ಉಳಿತಾಯ ಸದಸ್ಯರದು, ಬಡ್ಡಿ ಬಂದರೂ ಅವರದೇ. ಒಬ್ಬಳಿಗೆ ಈ ತಿಂಗಳು ಆಗದಿದ್ದರೆ ಮುಂದಿನ ತಿಂಗಳು ಎಂದು ಅವರೇ ಕೂತು ತೀರ್ಮಾನ ಮಾಡಬಹುದು.

ಕಂಪನಿಯ ಗುಂಪಿನಲ್ಲಿ ಆ ತೀರ್ಮಾನ ಅವರ ಕೈಯಲ್ಲಿಲ್ಲ. ದುಡ್ಡು ಕಂಪನಿಯದು, ತಾರೀಖು ಕಂಪನಿಯದು. ಹೆಂಗಸರ ಪಾಲಿಗೆ ಉಳಿದಿರುವುದು ಜಾಮೀನು ಮಾತ್ರ. ಎರಡೂ ಹೊರಗಿನಿಂದ ನೋಡಲು ಒಂದೇ ಥರ ಕಾಣುತ್ತವೆ, ಅದೇ ದೊಡ್ಡ ತೊಂದರೆ.

ಇಲ್ಲೊಂದು ವಿಷಯ ಗಮನಿಸಬೇಕು. ಆರ್‌ಬಿಐ 2022ರ ಮಾರ್ಚ್‌ನಲ್ಲಿ ಹೊರಡಿಸಿ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮದಲ್ಲಿ ಮೈಕ್ರೋಫೈನಾನ್ಸ್ ಸಾಲಕ್ಕೆ ಗುಂಪು ಇರಲೇಬೇಕು ಎಂದಿಲ್ಲ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲ, ಅಷ್ಟೇ ಅದರ ಅರ್ಥ. ಗುಂಪು ಇಟ್ಟುಕೊಂಡಿರುವುದು ಕಂಪನಿಗಳ ಆಯ್ಕೆ. ವಸೂಲಿಗೆ ಅದಕ್ಕಿಂತ ಅಗ್ಗದ ದಾರಿ ಬೇರೆ ಇಲ್ಲವಲ್ಲ.

ಅದೇ ನಿಯಮದಲ್ಲಿ ವಸೂಲಿ ಹೇಗಿರಬೇಕು ಎಂದೂ ಬರೆದಿದೆ, ಚೆನ್ನಾಗಿಯೇ ಬರೆದಿದೆ. ಬೆದರಿಸುವಂತಿಲ್ಲ, ಬೈಯುವಂತಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ. ಮೇಲಿಂದ ಮೇಲೆ ಫೋನ್ ಮಾಡಿ ಕಾಡುವಂತಿಲ್ಲ. ಸಾಲ ತೆಗೆದುಕೊಂಡವರ ನೆಂಟರನ್ನು, ಗೆಳೆಯರನ್ನು, ಜೊತೆ ಕೆಲಸ ಮಾಡುವವರನ್ನು ಪೀಡಿಸುವಂತಿಲ್ಲ. ಹೆಸರು ಬಹಿರಂಗ ಮಾಡುವಂತಿಲ್ಲ. ಕಟ್ಟದಿದ್ದರೆ ಹೀಗಾಗುತ್ತೆ ಹಾಗಾಗುತ್ತೆ ಎಂದು ಸುಳ್ಳು ಹೇಳಿ ಹೆದರಿಸುವಂತಿಲ್ಲ. ಕಂತು ತೆಗೆದುಕೊಳ್ಳುವುದು ಇಬ್ಬರೂ ಒಪ್ಪಿದ ಒಂದು ಜಾಗದಲ್ಲಿ. ಸಾಲಗಾರರು ಸತತ ಎರಡು ಬಾರಿಯೋ ಜಾಸ್ತಿಯೋ ಅಲ್ಲಿಗೆ ಬರದಿದ್ದಾಗ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಹೋಗಬಹುದು.

ಈ ಕೊನೆಯ ಮಾತು ನಮ್ಮ ಕಡೆಗೆ ಹೇಗೆ ಬಂದು ತಟ್ಟುತ್ತದೆ ನೋಡಿ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಸುಗ್ಗಿ ಮುಗಿದ ಮೇಲೆ ಎಷ್ಟೋ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ. ಕಟ್ಟಡದ ಕೆಲಸ, ಶೆಡ್ಡಿನಲ್ಲಿ ವಾಸ. ಹೋದವರು ಎರಡು ಮೀಟಿಂಗಿಗೆ ಬರುವುದಿಲ್ಲ ಎಂಬುದು ಗ್ಯಾರಂಟಿ. ಅಲ್ಲಿಗೆ ಮನೆಗೆ ಹೋಗಲು ನಿಯಮವೇ ದಾರಿ ಬಿಟ್ಟಂತಾಯಿತು. ಮನೆಯಲ್ಲಿ ಯಾರಿರುತ್ತಾರೆ? ಮುದುಕ ಅಪ್ಪ, ಅಮ್ಮ, ಶಾಲೆಗೆ ಹೋಗುವ ಮೊಮ್ಮಗಳು. ಸಾಲದ ಕಾಗದದಲ್ಲಿ ಅವರ ಸಹಿ ಇಲ್ಲ. "ನಿನ್ನ ಸೊಸಿ ಎಲ್ಲಿ ಹೋಗ್ಯಾಳ, ಫೋನ್ ಹಚ್ಚು" ಎಂದು ಬಾಗಿಲಲ್ಲಿ ಸಂಜೆತನಕ ಕೂತರೆ ಆ ಮುದುಕರು ಏನು ಮಾಡಬೇಕು? ಅದು ನೆಂಟರನ್ನು ಪೀಡಿಸುವುದೇ ಅಲ್ವಾ? ನಿಯಮದ ಒಂದು ಸಾಲು ಬೇಡ ಎನ್ನುವುದನ್ನು ಇನ್ನೊಂದು ಸಾಲು ಸಾಧ್ಯ ಮಾಡಿಕೊಡುತ್ತಿದೆ. ದುಡಿಯಲು ಊರು ಬಿಟ್ಟವರಿಗೂ ಸಾಲ ಮುಳುಗಿಸಲು ಓಡಿಹೋದವರಿಗೂ ವ್ಯತ್ಯಾಸ ಗೊತ್ತಿರುವವರು ಬರೆದಿದ್ದರೆ ಈ ಸಾಲು ಬೇರೆ ಥರ ಇರುತ್ತಿತ್ತು.

ಆ ಹುಡುಗನ ಬಗ್ಗೆಯೂ ಒಂದು ಮಾತು. ಪಿಯುಸಿಯೋ ಡಿಗ್ರಿಯೋ ಮುಗಿಸಿ ಕೆಲಸ ಸಿಗದೆ ಸೇರಿದವನು. ಹೆಚ್ಚಾಗಿ ಬೇರೆ ತಾಲ್ಲೂಕಿನಿಂದ, ಬೇರೆ ಜಿಲ್ಲೆಯಿಂದ ಬಂದಿರುತ್ತಾನೆ. ಊರಿನವರ ಮುಲಾಜು ಇರಬಾರದು ಎಂದೇ ಹಾಗೆ ಹಾಕುತ್ತಾರೆ. ಸಂಬಳದ ಜೊತೆ ಇನ್ಸೆಂಟಿವ್ ಬರುವುದು ವಸೂಲಿಯ ಮೇಲೆ. ಸಂಜೆ ಬ್ರಾಂಚಿಗೆ ಹೋದಾಗ ಬಾಕಿ ಉಳಿದ ಹೆಸರಿಗೆ ಅವನು ಉತ್ತರ ಕೊಡಬೇಕು. ಕೆಲವರು ಕಮ್ಮಿ ಬಿದ್ದದ್ದನ್ನು ಕೈಯಿಂದ ಹಾಕಿ ಆಮೇಲೆ ಹೆಂಗಸರ ಹತ್ತಿರ ವಸೂಲಿ ಮಾಡುತ್ತಾರೆ. ಕಿರುಕುಳದ ಕೇಸು ಬಿದ್ದಾಗ ಸಿಕ್ಕಿಬೀಳುವವನು ಇವನು, ಟಾರ್ಗೆಟ್ ಕೊಟ್ಟ ಮೇಲಿನವರು ಸಿಕ್ಕುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. 50,000 ರೂಪಾಯಿ ಸಾಲ, ವರ್ಷಕ್ಕೆ ಶೇಕಡಾ 24 ಬಡ್ಡಿ, ಎರಡು ವರ್ಷದ ಅವಧಿ ಎಂದಿಟ್ಟುಕೊಳ್ಳಿ. ತಿಂಗಳಿಗೆ ಸುಮಾರು 2,640 ರೂಪಾಯಿ ಕಂತು. ಎರಡು ವರ್ಷಕ್ಕೆ ಕಟ್ಟುವ ಬಡ್ಡಿ 13,400ರ ಆಸುಪಾಸು. ಊರಿನ ಬಡ್ಡಿಗೆ ಹೋಲಿಸಿದರೆ ಇದು ಕೊರಳು ಕೊಯ್ಯುವ ಬಡ್ಡಿ ಏನಲ್ಲ. ಒಂದು ಸಾಲ ಇದ್ದರೆ ಯಾರಾದರೂ ಕಟ್ಟಬಹುದು.

ಆದರೆ ಒಂದೇ ಇರುವುದಿಲ್ಲ. ಅಂಥ ನಾಲ್ಕು ಸಾಲ ಇದ್ದರೆ ತಿಂಗಳಿಗೆ 10,500 ದಾಟುತ್ತದೆ. ಗಂಡ ಹೆಂಡತಿ ಇಬ್ಬರಿಗೂ ತಿಂಗಳಲ್ಲಿ 15 ದಿನ ಕೆಲಸ, ದಿನಕ್ಕೆ 400 ಕೂಲಿ ಎಂದರೂ ಕೈಗೆ ಬರುವುದು 12,000. ಉಳಿದ 1,500ರಲ್ಲಿ ತಿಂಗಳು ದೂಡಬೇಕು. ಆರ್‌ಬಿಐ ನಿಯಮ ಹೇಳುವುದೇನು? ಎಲ್ಲ ಸಾಲದ ಕಂತೂ ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧ ದಾಟಬಾರದು. ಈ ಕುಟುಂಬಕ್ಕೆ ಅದು 6,000. ಅಂದರೆ ಎರಡು ಸಾಲಕ್ಕೆ ನಿಲ್ಲಬೇಕಿತ್ತು. ಮೂರನೆಯದು, ನಾಲ್ಕನೆಯದು ಹೇಗೆ ಸಿಕ್ಕಿತು? ಫಾರ್ಮಿನಲ್ಲಿ ಆದಾಯ 20,000, 22,000 ಎಂದು ಬರೆದರೆ ಸಿಕ್ಕಿತು. ಎಮ್ಮೆ ಇದೆ, ಕಿರಾಣಿ ಅಂಗಡಿ ಇದೆ ಎಂದು ಬರೆದರೆ ಸಿಕ್ಕಿತು. ಬರೆದವನಿಗೆ ಟಾರ್ಗೆಟ್, ಬರೆಸಿದವಳಿಗೆ ದುಡ್ಡಿನ ಅಗತ್ಯ. ಇಬ್ಬರೂ ಸುಮ್ಮನಿದ್ದರು.

ಕಿರುಕುಳ ಶುರುವಾಗುವುದು ಅವತ್ತೇ. ಕಟ್ಟಲಾಗದಷ್ಟು ಸಾಲ ಕೊಟ್ಟ ಮೇಲೆ ಅದನ್ನು ಮೆತ್ತಗೆ ವಸೂಲಿ ಮಾಡಲು ಯಾರಿಂದಲೂ ಆಗುವುದಿಲ್ಲ. ಕಂಪನಿಗಳಿಗೂ ಇದು ಗೊತ್ತಿದೆ. ಅವರದೇ ಒಕ್ಕೂಟ ಎಂಫಿನ್ 2024ರಲ್ಲಿ ಕಟ್ಟಳೆ ಬಿಗಿ ಮಾಡಿ, ಒಬ್ಬ ಸಾಲಗಾರ್ತಿಗೆ ಮೂರಕ್ಕಿಂತ ಜಾಸ್ತಿ ಕಂಪನಿಗಳು ಸಾಲ ಕೊಡಬಾರದು, ಒಟ್ಟು ಸಾಲ 2 ಲಕ್ಷ ದಾಟಬಾರದು ಎಂದಿತು. ತಡವಾಗಿಯಾದರೂ ಬಂದ ಒಳ್ಳೆಯ ಹೆಜ್ಜೆ. ಆದರೆ ಅಲ್ಲಿಯವರೆಗೆ ಹೊಸ ಸಾಲ ತಂದು ಹಳೇ ಕಂತು ಕಟ್ಟುತ್ತಿದ್ದವರ ಕೈ ಒಮ್ಮೆಲೇ ಖಾಲಿಯಾಯಿತು. ಸಾಲಗಾರ್ತಿಯರ ಕಡೆಯ ತಪ್ಪನ್ನೂ ಮುಚ್ಚಿಡಬೇಕಿಲ್ಲ. ಕೆಲವು ಊರಲ್ಲಿ ಒಬ್ಬಳೇ ಲೀಡರ್ ಹತ್ತು ಹೆಂಗಸರ ಆಧಾರ್ ಕಾರ್ಡ್ ಇಸ್ಕೊಂಡು ಸಾಲ ಎತ್ತಿ ದುಡ್ಡು ತಾನಿಟ್ಟುಕೊಂಡು ಕೈಯೆತ್ತುತ್ತಾಳೆ. ಕಾಗದದಲ್ಲಿ ಹೆಸರಿರುವವರು ತಾವು ನೋಡದ ದುಡ್ಡಿಗೆ ಕಂತು ಕಟ್ಟುತ್ತಾರೆ.

ಕೊಪ್ಪಳ, ರಾಯಚೂರು, ಬಳ್ಳಾರಿ, ಈ ಮೂರು ಜಿಲ್ಲೆಯಲ್ಲೇ ಯಾಕೆ ಇಷ್ಟು ಬಿಗಿ ಎಂದು ಕೇಳಬಹುದು. ಒಂದು ಕಾರಣ ಲೀಸಿನ ಬೇಸಾಯ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದಕ್ಕೂ ಭತ್ತ ಬೆಳೆಯುವ ಎಷ್ಟೋ ಮಂದಿಯ ಹೆಸರಲ್ಲಿ ಪಹಣಿ ಇಲ್ಲ. ರಾಜ್ಯ ಸರ್ಕಾರ ಸೊಸೈಟಿಗಳ ಮೂಲಕ ಬಡ್ಡಿ ಇಲ್ಲದ ಬೆಳೆ ಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಪಹಣಿ ಇದ್ದವರಿಗೆ ಅದು ಸಿಗುತ್ತದೆ. ಹೊಲ ಉಳುವವನಿಗೆ ಸಿಗುವುದು ಗೊಬ್ಬರದಂಗಡಿಯ ಉದ್ರಿ, ದಲ್ಲಾಳಿಯ ಮುಂಗಡ, ಹೆಂಡತಿಯ ಹೆಸರಲ್ಲಿ ಸಂಘದ ಸಾಲ. ಕೂಲಿಯವರು, ಬಳ್ಳಾರಿಯಲ್ಲಿ ಮನೆಯಲ್ಲೇ ಕೂತು ಜೀನ್ಸ್ ಹೊಲಿಯುವವರು, ಕೊಪ್ಪಳದ ಭಾಗ್ಯನಗರದಲ್ಲಿ ಸಿಕ್ಕುಗಟ್ಟಿದ ಕೂದಲು ಬಿಡಿಸುವ ಹೆಂಗಸರು, ಇವರಿಗೆ ಬ್ಯಾಂಕಿನ ಬಾಗಿಲು ಮೊದಲಿಂದಲೂ ಅರ್ಧ ಮುಚ್ಚಿಯೇ ಇದೆ.

ಇನ್ನೊಂದು ಕಾರಣ ನೀರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿದ್ದು ಎಲ್ಲರಿಗೂ ನೆನಪಿದೆ. ಆಮೇಲೆ 33 ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ 2025-26ರ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ಗೇಟು ಹಾಕಲೇಬೇಕಿತ್ತು, ಅದರಲ್ಲಿ ತಕರಾರಿಲ್ಲ. ಆದರೆ ಎರಡನೇ ಬೆಳೆ ಇಲ್ಲ ಎಂದರೆ ಸಸಿ ಹಚ್ಚುವ ಕೆಲಸ ಇಲ್ಲ, ಕಳೆ ಕೀಳುವ ಕೆಲಸ ಇಲ್ಲ. ಅದನ್ನೇ ನಂಬಿಕೊಂಡ ಹೆಂಗಸರಿಗೆ ಜನವರಿಯಿಂದ ಬೇಸಿಗೆಯವರೆಗೆ ಕೂಲಿಯೇ ಇಲ್ಲ. ಕಾಲುವೆ ಒಣಗಿದರೂ ಕಂತಿನ ತಾರೀಖು ಬದಲಾಗಲಿಲ್ಲ. ಗೃಹಲಕ್ಷ್ಮಿಯ 2,000 ಬಂದ ದಿನವೇ ಕಂತಿಗೆ ಹೋಗುತ್ತದೆ. ಖಾತೆಯಿಂದ ತಾನಾಗಿಯೇ ಕಂತು ಕಟ್ ಆಗುವಂತೆ ಬರೆದುಕೊಟ್ಟಿದ್ದು, ಅವತ್ತು ಅಷ್ಟು ದುಡ್ಡು ಇಲ್ಲದಿದ್ದರೆ ಬ್ಯಾಂಕಿನ ಬೌನ್ಸ್ ಚಾರ್ಜು ಬೇರೆ.

ಕಂತು ತಪ್ಪಬಾರದು ಎಂದು ಆ ಪಡಸಾಲೆಯಲ್ಲಿ ಅರ್ಧ ಗಂಟೆಯಲ್ಲಿ ದುಡ್ಡು ಹುಟ್ಟಿತು ಎಂದೆನಲ್ಲ, ಅದು ಬರುವುದು ಮೀಟರ್ ಬಡ್ಡಿಯವರಿಂದ. ನೂರಕ್ಕೆ ತಿಂಗಳಿಗೆ ಹತ್ತು ಎಂದರೆ ವರ್ಷಕ್ಕೆ ಶೇಕಡಾ 120. ಕರ್ನಾಟಕದಲ್ಲಿ ಲೇವಾದೇವಿಗಾರರು ಅಡವಿಟ್ಟ ಸಾಲಕ್ಕೆ ಶೇಕಡಾ 14, ಅಡವಿಲ್ಲದ ಸಾಲಕ್ಕೆ 16 ಮಾತ್ರ ತೆಗೆದುಕೊಳ್ಳಬಹುದು. ವಿಪರೀತ ಬಡ್ಡಿ ತಡೆಯಲು 2004ರ ಕಾಯ್ದೆಯೇ ಇದೆ. ಖಾಲಿ ಚೆಕ್ಕಿಗೆ, ಖಾಲಿ ಬಾಂಡಿಗೆ ಸಹಿ ಹಾಕಿಸಿಕೊಳ್ಳುವುದು ಮಾತ್ರ ನಿಂತಿಲ್ಲ.

ಮನೆಯ ಹುಡುಗರು ಇನ್ನೊಂದು ದಾರಿ ಹಿಡಿಯುತ್ತಾರೆ, ಮೊಬೈಲ್ ಆ್ಯಪ್. 5,000 ಸಾಲ ಕೇಳಿದರೆ ಫೀಸು ಮುರಿದುಕೊಂಡು 3,500 ಹಾಕುತ್ತಾರೆ, ಏಳು ದಿನಕ್ಕೆ 5,000 ವಾಪಸ್ ಕೇಳುತ್ತಾರೆ ಎಂದುಕೊಳ್ಳಿ. ವರ್ಷದ ಲೆಕ್ಕದಲ್ಲಿ ಇದು ಶೇಕಡಾ 2,200 ದಾಟುತ್ತದೆ. ಇಲ್ಲಿ ವಸೂಲಿಗೆ ಗುಂಪು ಬೇಕಿಲ್ಲ, ಫೋನಿನಲ್ಲಿರುವ ನಂಬರುಗಳೇ ಗುಂಪು. ಆ್ಯಪ್ ಹಾಕಿಕೊಳ್ಳುವಾಗ ಕಾಂಟ್ಯಾಕ್ಟ್, ಫೋಟೋ ನೋಡಲು ಒಪ್ಪಿಗೆ ಕೊಟ್ಟಿರುತ್ತಾರೆ. ಏಳನೇ ದಿನ ಮಾವನಿಗೆ, ಮೇಷ್ಟ್ರಿಗೆ, ಕೆಲಸ ಕೊಟ್ಟ ಸಾಹುಕಾರರಿಗೆ ಮೆಸೇಜು. ಆಮೇಲೆ ತಿದ್ದಿದ ಅಶ್ಲೀಲ ಫೋಟೋ. ಇದನ್ನು ತಡೆಯಲು ಆರ್‌ಬಿಐ 2022ರ ಸೆಪ್ಟೆಂಬರ್‌ನಲ್ಲೇ ನಿಯಮ ತಂದಿದೆ. ಸಾಲದ ಆ್ಯಪ್ ಕಾಂಟ್ಯಾಕ್ಟ್ ಲಿಸ್ಟ್, ಕಾಲ್ ಲಾಗ್, ಫೋಟೋಗಳಿಗೆ ಕೈ ಹಾಕುವಂತಿಲ್ಲ. ಹಾಗೆ ಕೇಳುವ ಆ್ಯಪ್ ಬಂದರೆ ಅಲ್ಲಿಗೇ ಬಿಟ್ಟುಬಿಡಿ. ಫೋಟೋ ಬೆದರಿಕೆ ಬಂದರೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸ್ಕ್ರೀನ್‌ಶಾಟ್ ಅಳಿಸಬೇಡಿ, ದುಡ್ಡು ಕೊಟ್ಟು ಬಾಯಿ ಮುಚ್ಚಿಸಲು ಹೋಗಬೇಡಿ. ಕೊಟ್ಟಷ್ಟೂ ಕೇಳುತ್ತಾರೆ.

2025ರ ಜನವರಿಯಲ್ಲಿ ಈ ಸಂಕಟ ರಾಜ್ಯಕ್ಕೆಲ್ಲ ಕಾಣಿಸಿತು. ಆತ್ಮಹತ್ಯೆಯ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಹಾವೇರಿ ಜಿಲ್ಲೆಯ ಹೆಂಗಸರು ಮಾಂಗಲ್ಯವನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿದರು. ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ, ಫೆಬ್ರವರಿ 12ರಂದು ಒಪ್ಪಿದರು. ಮುಂದೆ ಅದು ಕಾಯ್ದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸಾಲ ಕೊಡುವ ಸಂಸ್ಥೆ ಜಿಲ್ಲೆಯಲ್ಲಿ ನೋಂದಣಿ ಮಾಡಿಸಬೇಕು. ಅಡ ಇಟ್ಟುಕೊಳ್ಳುವಂತಿಲ್ಲ. ಪೊಲೀಸರು ದೂರು ತೆಗೆದುಕೊಳ್ಳಲು ಒಲ್ಲೆ ಎನ್ನುವಂತಿಲ್ಲ.

ಮೀಟರ್ ಬಡ್ಡಿಯವರ ಮಟ್ಟಿಗೆ ಇದು ಗಟ್ಟಿ ಕಾನೂನು. ಆದರೆ ಆರ್‌ಬಿಐನಲ್ಲಿ ನೋಂದಣಿಯಾದ ಬ್ಯಾಂಕ್, ಎನ್‌ಬಿಎಫ್‌ಸಿಗಳು (ಬ್ಯಾಂಕಲ್ಲದ ಸಾಲದ ಕಂಪನಿಗಳು) ಇದರ ವ್ಯಾಪ್ತಿಗೆ ಬರುವುದಿಲ್ಲ. ಪಡಸಾಲೆಯಲ್ಲಿ ಕೂರಿಸುವ ದೊಡ್ಡ ಕಂಪನಿಗಳು ಅವೇ. ಅವರ ಮೇಲೆ ಕಣ್ಣಿಡಬೇಕಾದ ಆರ್‌ಬಿಐ ಹಳ್ಳಿಗೆ ಬರುವುದಿಲ್ಲ. ಹಳ್ಳಿಯಲ್ಲಿರುವ ಪೊಲೀಸರು "ಅದು ಆರ್‌ಬಿಐದು, ನಮ್ಮದಲ್ಲ" ಎನ್ನಬಹುದು. ಹಾಗೆ ಅಂದರೆ ತಿರುಗಿ ಕೇಳಿ. ಬೆದರಿಕೆ, ಅವಮಾನ, ಮನೆಗೆ ನುಗ್ಗುವುದು ಯಾರು ಮಾಡಿದರೂ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ. 351, 352, 329ನೇ ಸೆಕ್ಷನ್‌ಗಳು ಅದಕ್ಕೇ ಇವೆ. ಕಂಪನಿಗೆ ಲೈಸೆನ್ಸ್ ಕೊಟ್ಟವರು ಯಾರು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ.

ಹಾಗಾದರೆ ಇವರನ್ನೆಲ್ಲ ಓಡಿಸಿಬಿಡೋಣ ಎನ್ನುವವರು ರಾಯಚೂರಿನ ಆಚೆ ದಡ ನೋಡಬೇಕು. 2010ರ ಅಕ್ಟೋಬರ್‌ನಲ್ಲಿ ಆಗಿನ ಆಂಧ್ರಪ್ರದೇಶ ಕಟ್ಟುನಿಟ್ಟಿನ ಸುಗ್ರೀವಾಜ್ಞೆ ತಂದಿತು. ಕಂತು ಕಟ್ಟುವುದು ನಿಂತಿತು, ಕಂಪನಿಗಳು ಸಾಲ ನಿಲ್ಲಿಸಿದವು. ಹೆಂಗಸರಿಗೆ ದುಡ್ಡಿನ ಅಗತ್ಯ ಮಾತ್ರ ನಿಲ್ಲಲಿಲ್ಲ, ಊರಿನ ಬಡ್ಡಿಯವರ ಹತ್ತಿರ ಹೋದರು. ಕಂಪನಿ ಸಾಲ ಇರಲಿ. ಅದರ ವಸೂಲಿಯ ರೀತಿ ಬದಲಾಗಲಿ.

ಈಗಲೇ ಕಷ್ಟದಲ್ಲಿ ಇರುವವರು ಮೊದಲು ಲೋನ್ ಕಾರ್ಡ್ ತೆಗೆದು ನೋಡಿ. ಅದು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಬಡ್ಡಿ ಎಷ್ಟು, ಕಟ್ಟಿದ್ದೆಷ್ಟು, ದೂರು ಯಾರಿಗೆ ಎಂದು ಬರೆದಿರಬೇಕು. ತಡವಾದರೆ ಹಾಕುವ ದಂಡ ಬಾಕಿ ಉಳಿದ ಕಂತಿನ ಮೇಲೆ ಮಾತ್ರ, ಪೂರ್ತಿ ಸಾಲದ ಮೇಲಲ್ಲ. ಸಾಲ ಕೊಡುವಾಗ ಹೆಚ್ಚಾಗಿ ವಿಮೆಯ ದುಡ್ಡು ಮುರಿದುಕೊಂಡಿರುತ್ತಾರೆ. ಸಾಲ ತೆಗೆದುಕೊಂಡವರು ತೀರಿಕೊಂಡಿದ್ದರೆ ಮನೆಯವರು ಕಂತು ಕಟ್ಟುವ ಮೊದಲು ಆ ವಿಮೆ ಏನಾಯಿತು ಎಂದು ಕೇಳಲೇಬೇಕು. ದೂರನ್ನು ಮೊದಲು ಕಂಪನಿಗೆ ಬರಹದಲ್ಲಿ ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಇಲ್ಲದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ. ಖರ್ಚಿಲ್ಲ. ಮಾಹಿತಿಗೆ 14448. ಮನಸ್ಸು ತೀರಾ ಕುಗ್ಗಿ ಕೆಟ್ಟ ಯೋಚನೆ ಬರುತ್ತಿದ್ದರೆ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಆಡಳಿತದ ಕಡೆಯಿಂದ ಆಗಬೇಕಾದ್ದು ಎರಡು. ಮೊದಲನೆಯದು, ಒಬ್ಬಳ ಕಂತು ಬರಲಿಲ್ಲ ಎಂದು ಉಳಿದವರನ್ನು ಕೂರಿಸಿಕೊಳ್ಳುವುದನ್ನು ಬಲವಂತದ ವಸೂಲಿ ಎಂದೇ ಆರ್‌ಬಿಐ ನಿಯಮದಲ್ಲಿ ಬಿಡಿಸಿ ಬರೆಯಬೇಕು. ಕಂತು ಕೊಟ್ಟವಳಿಗೆ ಎದ್ದು ಹೋಗುವ ಹಕ್ಕಿರಬೇಕು. ಎರಡನೆಯದು ನಮ್ಮ ಜಿಲ್ಲೆಗಳದ್ದೇ. ಕಾಲುವೆಗೆ ನೀರು ಬಿಡಬೇಕೋ ಬೇಡವೋ ಎಂದು ನೀರಾವರಿ ಸಲಹಾ ಸಮಿತಿ ತೀರ್ಮಾನ ಮಾಡುತ್ತದೆ. ನೀರಿಲ್ಲ ಎಂದು ತೀರ್ಮಾನವಾದ ವಾರದಲ್ಲೇ ಜಿಲ್ಲಾಧಿಕಾರಿ, ಲೀಡ್ ಬ್ಯಾಂಕ್ ಮ್ಯಾನೇಜರ್ ಸೇರಿ ಆ ಜಿಲ್ಲೆಯಲ್ಲಿ ಸಾಲ ಕೊಟ್ಟಿರುವ ಕಂಪನಿಗಳನ್ನೆಲ್ಲ ಕರೆಸಬೇಕು. ಯಾವ ಹಳ್ಳಿಗಳಲ್ಲಿ ಎರಡನೇ ಬೆಳೆ ಇಲ್ಲವೋ ಅಲ್ಲಿ ಕಂತನ್ನು ಮುಂದಿನ ಸುಗ್ಗಿಯ ತನಕ ದಂಡವಿಲ್ಲದೆ ಮುಂದೂಡಲು ಒಪ್ಪಿಸಬೇಕು. ಬರ ಬಿದ್ದಾಗ ಬ್ಯಾಂಕಿನ ಬೆಳೆ ಸಾಲಕ್ಕೆ ಅವಧಿ ಕೊಡುವ ಪದ್ಧತಿ ಈಗಾಗಲೇ ಇದೆ. ಅದೇ ಹೊಲದಲ್ಲಿ ಸಸಿ ಹಚ್ಚುವವಳ ಸಾಲಕ್ಕೂ ಅದನ್ನು ಕೊಡಬೇಕು.